ಕಾಸಿದ ಇಟ್ಟಂಗಿ

"ರೊಟ್ಟಿ ಹೊತ್ತಿದ ವಾಸನಿ ಬರಾಕತ್ತೈತಿ, ನೋಡ," ಎಂದ ದುಂಡೇಶ, ಮಂಚದ ಮೇಲಿಂದಲೇ.

ಹುಲಿಗೆವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ ನೋಡಿದಳು. ಬೆಳ್ಳಗಿತ್ತು. "ಇಲ್ಲೇನೂ ಹೊತ್ತಿಲ್ಲರಿ. ಕಾಲಿಗೆ ಬಿಸಿ ಹತ್ತಾಕತ್ತೈತೋ ಇಲ್ಲೋ, ಅದನ್ನ ಹೇಳ್ರಿ."

"ಹತ್ತಾಕತ್ತೈತಿ. ಹಿತ ಐತಿ."

ಗಂಡನ ಈ ಒಂದು ಮಾತಿಗೆ ಅವಳ ಹೊಟ್ಟೆ ತುಂಬುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಬೆನ್ನುಹುರಿ ಜಜ್ಜಿಹೋದಾಗಿನಿಂದ ದುಂಡೇಶನಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಸಿಂದಗಿಯ ಡಾಕ್ಟರು ಕೈಚೆಲ್ಲಿದ ಮೇಲೆ ಅವಳೇ ಹಟ ಹಿಡಿದು ಪುಣೆಯಲ್ಲಿ ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿದ್ದಳು. "ನರ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು. ಕಾಲಿಗೆ ಸ್ಪರ್ಶ ತಿಳಿದರೆ ಫೋನ್ ಮಾಡಿ," ಎಂದು ಅಲ್ಲಿಯವರು ಕಳಿಸಿದ್ದರು. ಮನುಷ್ಯನ ಕಿವಿ ತನಗೆ ಬೇಕಾದ ಅರ್ಧವನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಚಿಗುರಬೇಕೆಂದರೆ ಕಾವು ಬೇಡವೇ? ಬಾಣಂತಿಗೆ ಕಾಸುವಂತೆ ಹುಲಿಗೆವ್ವ ದಿನವೂ ಇಟ್ಟಂಗಿ ಕಾಸಿ, ಔಡಲ ಎಲೆ ಹಾಸಿ, ಹಳೆ ಧೋತರ ಸುತ್ತಿ ಅವನ ಅಂಗಾಲಿಗೆ ಇಡತೊಡಗಿದಳು. ಹೋದ ವಾರ ಅವನು "ತುಸು ಬೆಚ್ಚಗ ಆತು" ಎಂದಾಗ ದೇವಣಗಾಂವದ ತಮ್ಮ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಇವತ್ತು ರೊಟ್ಟಿ ಮುಗಿಸಿ ಪುಣೆಗೆ ಫೋನ್ ಮಾಡುವವಳಿದ್ದಳು.

ವಾಸನೆ ಈಗ ಅವಳ ಮೂಗಿಗೂ ಬಡಿಯಿತು. ಅದು ಒಲೆಯ ಕಡೆಯಿಂದ ಬರುತ್ತಿರಲಿಲ್ಲ. ತಿರುಗಿದಳು. ಧೋತರ ಜಾರಿ ಮಂಚದ ಕೆಳಗೆ ಬಿದ್ದಿತ್ತು. ಬರೀ ಇಟ್ಟಂಗಿ ಅಂಗಾಲಿಗೆ ಅಂಟಿಕೊಂಡಿತ್ತು. ದುಂಡೇಶ ಟಿವಿ ನೋಡುತ್ತಿದ್ದ.

ಅವಳು ಓಡಿಹೋಗಿ ಬರಿಗೈಯಿಂದಲೇ ಇಟ್ಟಂಗಿ ಕಿತ್ತಳು. ಅಂಗಾಲಿನ ಚರ್ಮ ಅದರ ಜೊತೆಗೇ ಬಂತು. "ಯವ್ವಾ," ಎಂದು ಚೀರಿದವಳು ಅವಳೇ. ಬೆರಳು ಸುಟ್ಟಿದ್ದವು.

"ಯಾಕ, ಏನಾತ?" ಎಂದು ಅವನು ಕತ್ತೆತ್ತಿದ. ತನ್ನ ಕಾಲು ಕಂಡಿತು.

"ಹಿತ ಐತಿ ಅಂದ್ರಲ್ಲರಿ," ಎಂದಳು ಹುಲಿಗೆವ್ವ. "ಈಗಷ್ಟ ಅಂದ್ರಿ."

"ದಿನಾ ಆಸೆಲೆ ಕೇಳತಿದ್ದಿ. ಇಲ್ಲ ಅಂದ್ರ ನಿನ್ನ ಮಾರಿ ನೋಡಾಕ ಆಗತಿರಲಿಲ್ಲ."

ಅವಳು ಕೊಡ ತಂದು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಂಬಿಗೆಯಿಂದ ನೀರು ಹೊಯ್ಯತೊಡಗಿದಳು. ನೀರು ತಾಗಿದಾಗೆಲ್ಲ ಅವಳ ಬೆರಳಿಗೆ ತಂಪೆನಿಸುತ್ತಿತ್ತು. ದುಂಡೇಶ ಗೋಡೆಯ ಕಡೆ ಮುಖ ಮಾಡಿದ್ದ. ಕೊಡ ಅರ್ಧ ಖಾಲಿಯಾದ ಮೇಲೆ ಮೆಲ್ಲಗೆ ಕೇಳಿದ:

"ನೀರ ಹಾಕಾಕತ್ತೀಯೇನ?"