ಅಮ್ಮನ ತೇಗು, ಹೆಂಡತಿಯ ಮೀಟರು

ಹೇಗೆ ಶುರು ಮಾಡಲಿ? ತೇಗಿನಿಂದ ಶುರು ಮಾಡಿದರೆ ಮರ್ಯಾದಸ್ಥರಾದ ನೀವು ಪುಟ ತಿರುಗಿಸುತ್ತೀರಿ. ವಿಜ್ಞಾನದಿಂದ ಶುರು ಮಾಡಿದರೆ ಪುಸ್ತಕವನ್ನೇ ಮುಚ್ಚುತ್ತೀರಿ. ಹೋಗಲಿ, ಎರಡನ್ನೂ ಒಟ್ಟಿಗೇ ನುಂಗಿಬಿಡಿ.

೧
ನನ್ನ ಹೆಂಡತಿ ಜೀರ್ಣಕ್ರಿಯೆಯ ಸಂಶೋಧಕಿ. ನಾವು ಸೊಪ್ಪು ತಿಂದಾಗ ಅದರಲ್ಲಿರುವ ನೈಟ್ರೇಟ್ ಎಂಬ ಲವಣವನ್ನು ಬಾಯಿಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿ, ಎಂಜಲಿನ ಜೊತೆ ಹೊಟ್ಟೆಗೆ ಇಳಿಸುತ್ತವಂತೆ. ಅಲ್ಲಿ ಸೇಬಿನಲ್ಲಿರುವ ಪಾಲಿಫಿನಾಲ್ ಎಂಬ ಒಗರು ಅಂಶ ಜೊತೆಯಾದರೆ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ, ಬಿಗಿದ ಹೊಟ್ಟೆಯನ್ನು ಸಡಿಲಿಸುತ್ತದೆ. (‘ಸಡಿಲಿಸಬಹುದು’ ಅಂತ ಬರಿ, ಎನ್ನುತ್ತಾಳೆ ಅವಳು.) ಅಳೆಯುವುದು ಹೇಗೆ? ಸೊಪ್ಪು, ಸೇಬು ತಿಂದವರು ಒಂದು ಚೀಲದೊಳಕ್ಕೆ ತೇಗಬೇಕು. ಚೀಲವನ್ನು ಆ ಅನಿಲ ಅಳೆಯುವ ಮೀಟರಿಗೆ ಸಿಕ್ಕಿಸಬೇಕು. ನಗಬೇಡಿ, ಇದು ಅವಳ ಎರಡು ವರ್ಷದ ದುಡಿಮೆ.

ಹನ್ನೆರಡು ಜನ ಬೇಕಿತ್ತು, ಸಿಕ್ಕಿದ್ದು ಹನ್ನೊಂದು. ಎರವಲು ತಂದ ಮೀಟರು ಶುಕ್ರವಾರ ಮಧ್ಯಾಹ್ನ ವಾಪಸ್ ಹೋಗಬೇಕು. ಅಷ್ಟರೊಳಗೆ ಹನ್ನೆರಡನೆಯ ತೇಗು ಬರದಿದ್ದರೆ ಎಲ್ಲ ನೀರುಪಾಲು. ಆಗ ಅಮ್ಮ ಮುಂದೆ ಬಂದಳು. “ನಾನು ಬರ್ತೀನಮ್ಮ. ತೇಗೋದಕ್ಕೆ ನನಗೇನು ಟ್ರೇನಿಂಗ್ ಬೇಕಾ?”

೨ (ಮೊದಲ ಡ್ರಾಫ್ಟು)
ಮಂಗಳವಾರ ಅಮ್ಮ ಚೀಲಕ್ಕೆ ತೇಗಿದಳು. ಮೀಟರು ಸೊನ್ನೆಯ ಪಕ್ಕದಲ್ಲೇ ಬಿದ್ದುಕೊಂಡಿತು. ಹೆಂಡತಿಯ ಮುಖ ಬಿಳಿಚಿಕೊಂಡಿತು.

“ಅತ್ತೆ, ಮೌತ್‌ವಾಶ್ ಏನಾದ್ರೂ ಹಾಕ್ಕೊಂಡ್ರಾ?”

“ಹ್ಞೂ ಕಣಮ್ಮ. ಬಾಯಿ ವಾಸನೆ ಬಂದೀತು ಅಂತ ನಾನೇ ಮುಕ್ಕಳಿಸ್ದೆ.”

ನೈಟ್ರೈಟ್ ಮಾಡಬೇಕಿದ್ದ ಬ್ಯಾಕ್ಟೀರಿಯಾಗಳೆಲ್ಲ ಮೌತ್‌ವಾಶಿಗೆ ಬೆಳಿಗ್ಗೆಯೇ ಸತ್ತಿದ್ದವು. ಆದರೆ ಓದುಗರೇ, ಅಮ್ಮನ ಮಾತು ಸುಳ್ಳು. ಈ ಡ್ರಾಫ್ಟ್ ಹರಿದುಹಾಕುತ್ತಿದ್ದೇನೆ.

೩
ಮೌತ್‌ವಾಶ್ ಕೊಟ್ಟವನು ನಾನು. ನಾಲ್ಕು ಜನರೆದುರು ಅಮ್ಮ ತೇಗಿದಾಗಲೆಲ್ಲ ಮುಖ ಸಿಂಡರಿಸಿಕೊಂಡು ಬೆಳೆದವನು. ಲ್ಯಾಬಿನಲ್ಲಿ ಮಾನ ಹೋದೀತೆಂದು ಬಾಟಲಿ ಹಿಡಿಸಿದೆ. ಮುಕ್ಕಳಿಸಬಾರದು ಎಂದು ಹೆಂಡತಿ ಕೊಟ್ಟ ಹಾಳೆಯಲ್ಲಿ ದಪ್ಪಕ್ಷರದಲ್ಲೇ ಇತ್ತು. ಅದನ್ನು ಅಮ್ಮನಿಗೆ ಓದಿ ಹೇಳುವ ಕೆಲಸ ನನ್ನದು. (ಲೇಖಕ ಮಹಾಶಯ ಆ ಒಂದು ಪುಟವನ್ನೂ ಓದಿರಲಿಲ್ಲ.)

೪
ಇದನ್ನು ಬರೆಯುತ್ತೇನೆ ಅಂದದ್ದಕ್ಕೆ ಪಾತ್ರಕ್ಕೆ, ಅಂದರೆ ಅಮ್ಮನಿಗೆ, ಸಿಟ್ಟು ಬಂತು.

“ತಪ್ಪು ನನ್ನ ತಲೆ ಮೇಲೇ ಇರ್ಲಿ ಬಿಡೋ. ಸೊಸೆ ನನಗಾದ್ರೆ ಏನೂ ಅನ್ನಲ್ಲ.”

“ಅಮ್ಮ, ಕಥೆ ನಂದು.”

“ತೇಗು ನಂದು.”

ಇಷ್ಟು ವರ್ಷ ಇವಳ ಬಗ್ಗೆ ನಾಚಿಕೊಂಡೆನಲ್ಲ ಎಂದು ನಾಚಿಕೆಯಾಯಿತು.

೫
ಅಂತ್ಯ ‘ಅ’: ಶುಕ್ರವಾರ ಅಮ್ಮ ಎರಡನೇ ಸಲ ತೇಗುವ ಹೊತ್ತಿಗೆ ಬ್ಯಾಕ್ಟೀರಿಯಾಗಳು ಮತ್ತೆ ಹುಟ್ಟಿ, ಮೀಟರು ಜಿಗಿದು, ಅತ್ತೆ ಸೊಸೆ ತಬ್ಬಿಕೊಳ್ಳುತ್ತಾರೆ. (“ಒಂದು ತೇಗಿಂದ ಏನೂ ಸಾಬೀತಾಗಲ್ಲ. ಅಳಿಸು,” ಹೆಂಡತಿ.)

ಅಂತ್ಯ ‘ಆ’: ಮತ್ತೆ ಸೊನ್ನೆ. (“ಶುಭ ನುಡಿಯೋ!” ಅಮ್ಮ.)

೬
ನಿಜ ಹೇಳಿಬಿಡುತ್ತೇನೆ. ಇವತ್ತೇ ಶುಕ್ರವಾರ. ಲ್ಯಾಬಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅಮ್ಮ ಸೊಪ್ಪು ಜಗಿಯುತ್ತಿದ್ದಾಳೆ. ಈಗಷ್ಟೇ ಹೆಂಡತಿ ಹೊರಗೆ ಬಂದಾಗ ಮೂರನೆಯ ಭಾಗ ತೋರಿಸಿದೆ. ನಿಂತಲ್ಲೇ ಓದಿದಳು.

“ಗೊತ್ತಿತ್ತು. ಮನೇಲಿ ಆ ಬಾಟ್ಲಿ ಮುಟ್ಟೋನು ನೀನೊಬ್ನೇ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಅತ್ತೆ ನಿನ್ನ ಕಾಪಾಡ್ತಿದ್ರು. ಅದನ್ನ ಕೆಡಿಸೋಕೆ ಮನಸ್ಸು ಬರ್ಲಿಲ್ಲ.”

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯದೆ ಒಳಗೆ ಹೋದಳು. ಇಬ್ಬರು ಹೆಂಗಸರ ಋಣದಲ್ಲಿ ನಾನೊಬ್ಬ ಗಂಡಸು ಕುರ್ಚಿಗೆ ಅಂಟಿಕೊಂಡು ಕೂತಿದ್ದೇನೆ. ಅಮ್ಮನ ಬಾಯಲ್ಲಿ ಮತ್ತೆ ಹುಟ್ಟಿರಬಹುದಾದ ಕೋಟಿ ಜೀವಿಗಳಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೇನೆ.

ಬಾಗಿಲಾಚೆ ಅಮ್ಮ ತೇಗಿದಳು. ಸಣ್ಣಗೆ, ನಾನು ಹೊರಗಿದ್ದೇನೆಂದು ನಾಚಿಕೊಂಡು. ಅಷ್ಟು ಗಾಳಿ ಚೀಲಕ್ಕೆ ಸಾಲುತ್ತದೋ ಇಲ್ಲವೋ, ಮೀಟರು ಏನನ್ನುತ್ತದೋ, ನಾನು ಬರೆಯುವುದಿಲ್ಲ. ನನಗೀಗ ಬೇರೆ ಕೆಲಸವಿದೆ. ಎದ್ದು ಬಾಗಿಲಿಗೆ ಬಾಯಿ ಹಚ್ಚಿ ಕೂಗುತ್ತಿದ್ದೇನೆ, ಕಾರಿಡಾರಿನವರೆಲ್ಲ ತಿರುಗಿ ನೋಡಲಿ:

“ಇನ್ನೊಂದ್ಸಲ, ಅಮ್ಮ! ಜೋರಾಗಿ!”