ಮದುಮಗಳ ಮುಂದೆ ನಡೆಯುವವಳು

ಆ ಶುಕ್ರವಾರ ಬೆಳಿಗ್ಗೆಯಿಂದಲೇ ಇನ್ಶಿರಾಹ್ ಮುದುಕಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಹೊಟ್ಟೆಯಲ್ಲಿ ಹುಟ್ಟಿದ ಮಗ ಮಮ್ದೂಹ್, ಐವತ್ತು ದಾಟಿದ ಗಂಡಸು, ಕುರ್ಚಿ ಹತ್ತಿ ನಿಂತು ಅವಳ ಫೋಟೋವನ್ನು ಗೋಡೆಯಿಂದ ಇಳಿಸಿದ್ದ. ಇಳಿಸಿದ ಜಾಗದಲ್ಲಿ ಬೆಳ್ಳಗೆ ಒಂದು ಚೌಕ ಉಳಿಯಿತು. ಅದರ ಮೇಲೆ ಸೊಸೆ ನವಾಲ್ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಿದಳು. ಇನ್ಶಿರಾಹ್ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದ ಹಿತ್ತಾಳೆಯ ದೀಪದ ಗೊಂಚಲು, ಎಲ್ಲರೂ ಶಮದಾನ ಎನ್ನುವ ಅದು, ಹಳೆಯ ಹೊದಿಕೆಯೊಳಗೆ ಹೆಣದ ಹಾಗೆ ಸುತ್ತಿಸಿಕೊಂಡು ಬಚ್ಚಲುಮನೆಯ ಮೇಲಿನ ಅಟ್ಟ ಸೇರಿತು.

ಇಷ್ಟೆಲ್ಲ ಯಾಕೆಂದರೆ, ಮೊಮ್ಮಗಳು ರಿಹಾಮ್‌ಳನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಮಾತು ಕುದುರಿದರೆ ಅಲ್ಲೇ ಕೂತು ಎಲ್ಲರೂ ಅಂಗೈ ಚಾಚಿ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದುವುದು, ಓದಿದ ಮೇಲೆ ಕೆಂಪು ಶರಬತ್ತು ಹಂಚುವುದು. ಫಾತಿಹಾ ಓದಿದರೆಂದರೆ ಮಾತು ಗಟ್ಟಿ.

"ಅಮ್ಮಾ, ಹುಡುಗನ ಅಪ್ಪ ಶಾಲಾ ತನಿಖಾಧಿಕಾರಿ ಆಗಿದ್ದವರು. ಮರ್ಯಾದಸ್ಥರು" ಎಂದಿದ್ದ ಮಮ್ದೂಹ್. "ಕೇಳಿದರೆ ದರ್ಜಿ ಕೆಲಸ ಮಾಡ್ತಿದ್ದೆ ಅನ್ನು."

"ಸೂಜಿಗೆ ದಾರ ಪೋಣಿಸೋಕೂ ಬರಲ್ವಲ್ಲೋ ನನಗೆ!"

"ಪೋಣಿಸು ಅಂತ ಯಾರೂ ಕೇಳಲ್ಲ. ಇನ್ನೊಂದು ಮಾತು. ಮದುವೆ ದಿನ ನಿನಗೆ ಜ್ವರ."

"ಏನಂದೆ?"

"ಜ್ವರ ಬಂದಿದೆ ಅಂತ ಮನೇಲಿ ಮಲಗಿಬಿಡು. ವಾದ್ಯದವರೆಲ್ಲ ಮಹಮ್ಮದ್ ಅಲಿ ಬೀದಿಯವರೇ ಬರ್ತಾರೆ. ನಿನ್ನ ನೋಡಿದ್ದೇ ತಡ, 'ಉಸ್ತಾ ಬಂದ್ರು, ಉಸ್ತಾ ಬಂದ್ರು' ಅಂತ ಬಂದು ಕೈಗೆ ಮುತ್ತಿಡ್ತಾರೆ. ಆಮೇಲೆ ನಮ್ಮ ಮುಖ ಎಲ್ಲಿಡೋದು?"

ಮೇಳದ ಯಜಮಾನಿಯನ್ನು ಆ ಬೀದಿಯಲ್ಲಿ ಉಸ್ತಾ ಎನ್ನುತ್ತಾರೆ. ಕೈರೋದ ಅರ್ಧ ಊರಿನ ಮದುಮಕ್ಕಳನ್ನು ತವರಿನ ಮೆಟ್ಟಿಲಿಳಿಸಿ ಗಂಡನ ಮನೆಯ ಮೆಟ್ಟಿಲು ಹತ್ತಿಸಿದವಳು ಈ ಉಸ್ತಾ ಇನ್ಶಿರಾಹ್. ಅಂಥವಳು ಸ್ವಂತ ಮೊಮ್ಮಗಳ ಮದುವೆಯ ದಿನ ಇಲ್ಲದ ಜ್ವರ ಬರಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಬೇಕು! ಅಂಗಳದಲ್ಲಿ ಯಾರದೋ ನಾಯಿ ಸತ್ತರೂ ಹೋಗಿ ನೋಡುವವಳು ಅವಳು. ಅವಳಿಗೆ ಬಾಯಿತುಂಬ ಬೈಗುಳ ಬಂತು. ಅಷ್ಟರಲ್ಲಿ ರಿಹಾಮ್ ಹಿಂದಿನಿಂದ ಬಂದು ಅಜ್ಜಿಯ ಭುಜ ಒತ್ತಿದಳು. ಹುಡುಗಿ ಅಪ್ಪನ ಹತ್ತಿರ ಜಗಳವಾಡಿ ಸೋತು, ಅತ್ತು ಮುಖ ಊದಿಸಿಕೊಂಡಿದ್ದಳು. ಕೇಳಲು ಬರುವ ಆ ಹುಡುಗ ಹಾತಿಮ್ ಅಂದರೆ ಅವಳಿಗೆ ಪ್ರಾಣ. ಅವಳ ಮುಖ ನೋಡಿಯೇ ಮುದುಕಿ ಬಾಯಿಗೆ ಬೀಗ ಹಾಕಿಕೊಂಡಳು.

ನಮಾಜು ಮುಗಿಸಿ ಗಂಡಿನ ಕಡೆಯವರು ಬಂದರು. ಹುಡುಗ ಹಾತಿಮ್ ಒಳ್ಳೆಯವನ ಹಾಗೆ ಕಂಡ, ಕಣ್ಣು ಮಾತ್ರ ಅಡುಗೆಮನೆಯ ಬಾಗಿಲಲ್ಲೇ. ತಾಯಿ ಸನಿಯ್ಯಾ ಬಾಯಿ ಸತ್ತ ಹೆಂಗಸು, ಗಂಡ ಕೂರು ಎಂದಲ್ಲಿ ಕೂತಳು. ತಂದೆ ಫಿಕ್ರಿಯನ್ನು ಓದಿದವರೆಂದು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು; ಅವನ ಕಂಕುಳಲ್ಲಿ ಮಡಿಸಿದ ಪತ್ರಿಕೆ, ಜೇಬಿನಲ್ಲಿ ಪೆನ್ನು.

"ಹಾಜಾ, ನೀವು ಹೊಲಿಗೆ ಮಾಡ್ತಿದ್ರಂತೆ?" ಎಂದು ಸನಿಯ್ಯಾ, ವಯಸ್ಸಾದ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ, ಮೆಲ್ಲಗೆ ಕೇಳಿದಳು.

"ಹ್ಞೂಂ. ಗುಂಡಿ" ಎಂದಳು ಇನ್ಶಿರಾಹ್.

"ಗುಂಡಿ ಮಾತ್ರಾನಾ?"

"ಬರೀ ಗುಂಡಿ."

ಮಮ್ದೂಹ್ ಕೆಮ್ಮಿದ. ಹುಡುಗನ ಸೋದರಮಾವ ಬರದೆ ಫಾತಿಹಾ ಓದುವ ಹಾಗಿರಲಿಲ್ಲ. ಆತ ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಚಹಾ ಮುಗಿಯಿತು, ರವೆಯ ಸಿಹಿ ಬಸ್ಬೂಸಾ ಮುಗಿಯಿತು, ಹವೆಯ ಮಾತೂ ಮುಗಿಯಿತು. ಆಗ ಫಿಕ್ರಿ ಪತ್ರಿಕೆ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡ.

"ತಪ್ಪು ತಿಳ್ಕೋಬೇಡಿ. ಶುಕ್ರವಾರದ ಪದಬಂಧ ಮುಗಿಸದೆ ನನಗೆ ಊಟ ಸೇರಲ್ಲ. ಪೆನ್ಸಿಲ್ ಮುಟ್ಟಲ್ಲ, ನೇರವಾಗಿ ಪೆನ್ನು. ಆದರೆ ಈ ಪತ್ರಿಕೆಯವರಿಗೆ ಬುದ್ಧಿ ಕೆಟ್ಟಿದೆ ನೋಡಿ. ಈ ವಾರದ್ದು ಪೂರ್ತಿ ಕುಣಿತದ ಮೇಲೆ!"

"ಬಿಟ್ಟುಬಿಡಿ ಮತ್ತೆ" ಎಂದ ಹಾತಿಮ್.

"ಖಾಲಿ ಮನೆ ಬಿಡೋದು ನನ್ನ ಜಾಯಮಾನ ಅಲ್ಲಪ್ಪ." ಫಿಕ್ರಿ ಕನ್ನಡಕ ಏರಿಸಿದ. "ಇದೇನಿದು... 'ಕುಣಿಯುವಾಗ ಬೆರಳುಗಳಿಗೆ ಸಿಕ್ಕಿಸುವ ಹಿತ್ತಾಳೆ ಬಿಲ್ಲೆಗಳು.' ಮಮ್ದೂಹ್ ಅವರೇ, ನಿಮಗೆ ಗೊತ್ತಾ?"

ಸಾಗಾತ್! ಇನ್ಶಿರಾಹ್‌ಳ ಬೆರಳುಗಳು ತಾವಾಗಿಯೇ ಮಡಿಲಲ್ಲಿ ಒಂದಕ್ಕೊಂದು ತಾಗಿದವು. ಈ ಮಮ್ದೂಹ್ ಹಲ್ಲು ಹುಟ್ಟುವಾಗ ಒಸಡು ನವೆಯಾಗಿ ಕಚ್ಚಿದ್ದು ಅವಳ ಸಾಗಾತನ್ನೇ. ಒಂದರ ಅಂಚಿನಲ್ಲಿ ಇಂದಿಗೂ ಗುರುತಿದೆ.

"ಅಯ್ಯೋ, ನಮಗೆಲ್ಲಿ ಗೊತ್ತು ಉಸ್ತಾದ್" ಎಂದ ಮಮ್ದೂಹ್. "ಅಂಥದ್ದೆಲ್ಲ ನಮ್ಮ ಮನೇಲಿ ಇಲ್ಲ."

ಮುದುಕಿ ಹಲ್ಲು ಕಡಿದಳು. ಫಿಕ್ರಿ ಯೋಚಿಸಿ ಯೋಚಿಸಿ ಕೊನೆಗೆ ತಾನೇ ಹೊಳೆಸಿಕೊಂಡು ಬರೆದ. ಹಾಗೆಯೇ ಕೋಲು ಹಿಡಿದು ಕುಣಿಯುವ ಮೇಲ್ನಾಡಿನವರ ಆಟ, ಮದುವೆಯ ಮೆರವಣಿಗೆಯ ಹೆಸರು. ಪ್ರತಿಯೊಂದನ್ನೂ ಮೂಗು ಮುರಿದುಕೊಂಡೇ ತುಂಬಿಸಿದ. ಮುಸುರೆ ಪಾತ್ರೆ ಮುಟ್ಟುವವನ ಮುಖ, ಆದರೆ ಕೈ ಬಿಡದು! ಅಂಥವರನ್ನು ಇನ್ಶಿರಾಹ್ ಬೇಕಾದಷ್ಟು ನೋಡಿದ್ದಳು. ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು 'ದೇವರು ಕ್ಷಮಿಸಲಿ' ಎಂದು ಗೊಣಗುತ್ತಿದ್ದವರು.

"ಹಾಂ, ಇಲ್ಲಿದೆ ಮಧ್ಯದ್ದು" ಎಂದ ಫಿಕ್ರಿ. "'ತಲೆಯ ಮೇಲೆ ದೀಪ ಹೊತ್ತು ಮದುಮಗಳ ಮುಂದೆ ನಡೆಯುವವಳು.' ಐದು ಅಕ್ಷರ. ಇದು ಸುಲಭ. ಗಾಝಿಯಾ."

ಎಂದವನೇ ಅರಬ್ಬಿಯ ಐದಕ್ಷರವನ್ನೂ ಕಪ್ಪು ಶಾಯಿಯಲ್ಲಿ ಒತ್ತಿ ಬರೆದ. ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ತಿರುಗುವ ಕುಣಿತದವರಿಗೆ ಇರುವ ಹೆಸರು ಅದು. ಮರ್ಯಾದಸ್ಥರ ಬಾಯಿಗೆ ಬಂದಾಗ ಬೈಗುಳವಾಗುತ್ತದೆ. ಫಿಕ್ರಿ ಅದನ್ನು ಬೈಗುಳವಾಗಿಯೇ ಉಗುಳಿದ್ದ.

ಆಮೇಲೆ ತೊಡಕು ಶುರುವಾಯಿತು. ಮೇಲಿನಿಂದ ಕೆಳಗೆ ಬರುವ ಸುಳಿವು, 'ಕುಣಿಯುವವಳನ್ನು ನಡೆಸುವ ಚರ್ಮವಾದ್ಯ.' ತಬ್ಲಾ ಎಂದು ಮಗುವಿಗೂ ಗೊತ್ತು. ಆದರೆ ಎರಡೂ ಪದ ಹಾಯುವ ನಡುವಿನ ಮನೆಯಲ್ಲಿ ತಬ್ಲಾಕ್ಕೆ ಬೇಕಾದ 'ಲ' ಇಲ್ಲ, ಗಾಝಿಯಾದ 'ಝ' ಕೂತಿದೆ.

"ಪತ್ರಿಕೆಯವರೇ ತಪ್ಪು ಮಾಡಿದ್ದಾರೆ" ಎಂದು ಫಿಕ್ರಿ ತೀರ್ಪು ಕೊಟ್ಟ.

"ಇರಬಹುದು ಇರಬಹುದು" ಎಂದ ಮಮ್ದೂಹ್. "ಈ ತಬ್ಲಾ ಗಿಬ್ಲಾ ಎಲ್ಲ ನಮಗೇನು ತಿಳಿಯತ್ತೆ?"

ಅಲ್ಲಿಗೆ ಇನ್ಶಿರಾಹ್‌ಳ ಪಿತ್ತ ನೆತ್ತಿಗೇರಿತು. ಈ ಮಗನ ಅಪ್ಪ, ಅವಳ ಗಂಡ, ತಬ್ಲಾ ಬಾರಿಸಿ ಬಾರಿಸಿ ಅಂಗೈ ಚರ್ಮ ಹಲಗೆಯಾಗಿ ಸತ್ತ ಮನುಷ್ಯ. ತಾಯಿಯನ್ನು ದರ್ಜಿ ಮಾಡಿದ, ಸಹಿಸಿದಳು. ಮಣ್ಣಿನಲ್ಲಿ ಮಲಗಿದವನನ್ನೂ ಅಲ್ಲಗಳೆದನಲ್ಲ!

"ತಪ್ಪು ಪತ್ರಿಕೆಯದಲ್ಲ, ನಿಮ್ಮದು" ಎಂದಳು.

ಎಲ್ಲರೂ ತಿರುಗಿದರು. ಮಮ್ದೂಹ್‌ನ ಮುಖ ಹುಳ್ಳಗಾಯಿತು.

"ಅಮ್ಮಾ..."

"ನೀನು ಬಾಯಿ ಮುಚ್ಚು. ಉಸ್ತಾದ್, ಅದು ಗಾಝಿಯಾ ಅಲ್ಲ. ಆಲ್ಮಾ. ಹಾಡು, ತಾಳ, ಶಾಸ್ತ್ರ ಎಲ್ಲ ಕಲಿತವಳು. ಮನೆಯವರು ತಾವಾಗಿ ಬಂದು, ಗೌರವ ಕೊಟ್ಟು ಕರೆಯೋ ಹೆಂಗಸು. ಬರೀರಿ, ನಿಮ್ಮ ತಬ್ಲಾ ತಾನಾಗಿ ಕೂತ್ಕೊಳ್ಳತ್ತೆ. ಮತ್ತೆ ಆ ಡೇರೆಯವರೂ ಬೆವರು ಸುರಿಸಿ ತಮ್ಮ ರೊಟ್ಟಿ ತಿಂದವರೇ. ಅವರ ಹೆಸರು ಹೇಳುವಾಗ ಉಗುಳಬೇಡಿ."

ಫಿಕ್ರಿ ಕನ್ನಡಕ ತೆಗೆದ. "ನಿಮಗೆ ಇದೆಲ್ಲ ಹೇಗೆ ಗೊತ್ತು ಹಾಜಾ?"

"ಹೇಗಾ? ಆ ಕ್ಯಾಲೆಂಡರ್ ಎತ್ತಿ ನೋಡಿ. ಹಿಂದಿರೋ ಜಾಗದಲ್ಲಿ ಇವತ್ತು ಬೆಳಿಗ್ಗೆವರೆಗೂ ನಾನಿದ್ದೆ, ದೀಪ ಹೊತ್ಕೊಂಡು. ನಾನು ಉಸ್ತಾ ಇನ್ಶಿರಾಹ್. ಜನ್ಮದಲ್ಲಿ ಒಂದು ಗುಂಡಿ ಹೊಲಿದಿಲ್ಲ. ಈ ನನ್ನ ಮಗ ಓದಿದ್ದು, ತೊಟ್ಟಿರೋದು, ನೀವು ಕೂತಿರೋ ಸೋಫಾ, ಎಲ್ಲ ಆ ದೀಪದ ಕೆಳಗಿಂದಲೇ ಬಂದಿದ್ದು."

ನವಾಲ್ ತಲೆಗೆ ಕೈ ಹೊತ್ತು ಕೂತಳು. ಅಡುಗೆಮನೆಯ ಬಾಗಿಲಲ್ಲಿ ರಿಹಾಮ್ ಶರಬತ್ತಿನ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದಳು.

ಫಿಕ್ರಿ ಪತ್ರಿಕೆ ಮಡಿಸತೊಡಗಿದ. "ನಮಗೆ ಮೊದಲೇ ಹೇಳಬೇಕಿತ್ತು, ಮಮ್ದೂಹ್ ಅವರೇ. ನಮ್ಮ ಮನೆತನದಲ್ಲಿ ಕುಣಿಯೋರ ನೆರಳು ಕೂಡ ಹೊಸ್ತಿಲು ದಾಟಿಲ್ಲ. ನನ್ನ ಮದುವೆಯಲ್ಲಿ ಕುರಾನ್ ಪಠಣ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ."

ಇನ್ಶಿರಾಹ್‌ಗೆ ನಗು ಬಂತು. ಕೋಪದ ನಗು ಅದು. ಅವಳಿಗೆ ಈ ಮನುಷ್ಯನ ಮದುವೆ ನೆನಪಿಲ್ಲ. ಹೋಗಿದ್ದಳೋ ಇಲ್ಲವೋ ಅದೂ ತಿಳಿಯದು. ಆದರೆ ಅವನ ವಯಸ್ಸು ತಿಳಿದಿತ್ತು, ಆ ಕಾಲದ ಊರು ತಿಳಿದಿತ್ತು.

"ನಿಮ್ಮ ಕಾಲದಲ್ಲಿ ಈ ಊರಲ್ಲಿ ಮದುವೆಯಾಗಿ, ಕುಣಿಯೋಳ ಹೊಟ್ಟೆ ಮೇಲೆ ಅಂಗೈ ಇಟ್ಟು ಫೋಟೋ ತೆಗೆಸಿಕೊಳ್ಳದ ಗಂಡು ಯಾರಿದ್ದಾರೆ ಹೇಳಿ! ಮದುಮಗಳದ್ದೊಂದು ಕೈ, ಮದುಮಗನದ್ದೊಂದು ಕೈ. ಮನೆ ತುಂಬ ಮಕ್ಕಳಾಗಲಿ ಅಂತ. ನನ್ನ ಹೊಟ್ಟೆ ಮೇಲೆ ಕೈ ಇಟ್ಟವರಲ್ಲಿ ಡಾಕ್ಟ್ರಿದ್ರು, ಜಡ್ಜಿದ್ರು. ನಿಮ್ಮದು ಮಾತ್ರ ಇಲ್ಲ ಅಂತೀರಾ? ಎಲ್ಲಿ, ನಿಮ್ಮ ಮದುವೆ ಫೋಟೋ ತೋರಿಸಿ ನೋಡೋಣ."

"ಅಸಹ್ಯ!" ಫಿಕ್ರಿ ಎದ್ದು ನಿಂತ. "ಏಳು ಸನಿಯ್ಯಾ. ಹಾತಿಮ್, ಏಳು."

ಹಾತಿಮ್ ಅರ್ಧ ಎದ್ದವನು ರಿಹಾಮ್‌ಳನ್ನು ನೋಡಿ ಹಾಗೆಯೇ ನಿಂತ. ಸನಿಯ್ಯಾ ಏಳಲೇ ಇಲ್ಲ.

"ಕೂತ್ಕೊಳ್ಳಿ" ಎಂದಳು ಗಂಡನಿಗೆ.

"ಏನಂದೆ?"

"ಕೂತ್ಕೊಳ್ರೀ ಅಂದೆ! ಸುಳ್ಳು ಹೇಳಿ ಹೇಳಿ ನಿಮಗೆ ಸಾಕಾಗಿಲ್ಲ, ಕೇಳಿ ಕೇಳಿ ನನಗೆ ಸಾಕಾಗಿದೆ." ಬಾಯಿ ಸತ್ತವಳು ಎಂದುಕೊಂಡಿದ್ದ ಹೆಂಗಸಿನ ಕೊರಳ ನರ ಉಬ್ಬಿತ್ತು. ಅವಳು ಇನ್ಶಿರಾಹ್‌ಳ ಕಡೆ ತಿರುಗಿದಳು. "ನಮ್ಮ ಮದುವೆಗೂ ಕುಣಿಯೋರು ಬಂದಿದ್ದರು, ಹಾಜಾ. ನಮ್ಮ ಬೀದೀಲಿ ಅವತ್ತು ಕರೆಂಟ್ ಹೋಗಿತ್ತು. ನಾನು ಗಡಗಡ ನಡುಗ್ತಿದ್ದೆ. ಯಾರೋ ಏನೋ, ಹೆಸರೂ ಗೊತ್ತಿಲ್ಲ. ತಲೆ ಮೇಲೆ ದೀಪ ಹೊತ್ತಿದ್ದಾಕೆ ಕಿವೀಲಿ ಹೇಳಿದರು, 'ಕೆಳಗೆ ನೋಡಬೇಡ ಮಗಳೇ, ನನ್ನ ಬೆನ್ನು ನೋಡ್ಕೊಂಡು ಬಾ' ಅಂತ. ನಾಲ್ಕು ಮಹಡಿ ಹತ್ತಿಸಿದರು. ಆಮೇಲೆ ಫೋಟೋ. ಇವರೇ ಮೊದಲು ಕೈ ಇಟ್ಟಿದ್ದು."

"ಸನಿಯ್ಯಾ!"

"ತನಿಖಾಧಿಕಾರಿ ಆದ ವರ್ಷ ಕತ್ತರಿ ತಗೊಂಡು ಕೂತರು. ಆಕೇನ ಕತ್ತರಿಸಿ ತೆಗೆದುಬಿಟ್ಟರು. ಆ ಫೋಟೋ ಇವತ್ತಿಗೂ ನಮ್ಮ ಹಾಲ್‌ನಲ್ಲಿದೆ. ನಾವಿಬ್ಬರೂ ಒಂದೇ ಕಡೆಗೆ ಕೈ ಚಾಚಿ ನಿಂತಿದ್ದೀವಿ, ಮುಂದೆ ಏನೂ ಇಲ್ಲ. ಬಂದವರೆಲ್ಲ ಕೇಳ್ತಾರೆ, ಏನು ಹಿಡಿಯೋಕೆ ಹೋಗಿದ್ರಿ ಅಂತ. ಕೇಕು ಅಂತ ಹೇಳ್ತೀನಿ. ಮೂವತ್ತು ವರ್ಷದಿಂದ ಕೇಕು, ಕೇಕು."

ಹಾತಿಮ್ ಅಪ್ಪನನ್ನೇ ನೋಡುತ್ತಿದ್ದ. "ಅದು ಕೇಕ್ ಅಲ್ವಾ?" ಎಂದ. ಬೇರೆ ಸಮಯದಲ್ಲಾಗಿದ್ದರೆ ಎಲ್ಲರೂ ನಗುತ್ತಿದ್ದರು. ಫಿಕ್ರಿ ಧೊಪ್ಪನೆ ಕೂತ.

ಅದೇ ಹೊತ್ತಿಗೆ ಬಾಗಿಲ ಗಂಟೆ ಬಾರಿಸಿತು. ಸೋದರಮಾವ ಬೆವರು ಒರೆಸಿಕೊಳ್ಳುತ್ತ, ಸೇತುವೆಯನ್ನು ಶಪಿಸುತ್ತ ಒಳಗೆ ಬಂದ. "ಎಲ್ಲ ಕಾಯ್ತಿದ್ದೀರಾ? ಬನ್ನಿ ಬನ್ನಿ, ಫಾತಿಹಾ ಓದೋಣ. ಈ ಹಿರಿಯರು ಯಾರು?"

ಮಮ್ದೂಹ್ "ನಮ್ಮಮ್ಮ" ಎಂದ. ಅಷ್ಟಕ್ಕೇ ನಿಲ್ಲಿಸಿದ.

ಮುಂದಿನ ಮಾತು ಸನಿಯ್ಯಾ ಹೇಳಿದಳು. "ಉಸ್ತಾ ಇನ್ಶಿರಾಹ್. ಮದುವೆ ದಿನ ನನ್ನ ಸೊಸೆ ಮುಂದೆ ದೀಪ ಹೊತ್ತು ನಡೆಯೋರು."

"ನಾನೆಲ್ಲಿ ಬರ್ಲಿ?" ಎಂದಳು ಇನ್ಶಿರಾಹ್. "ಅವತ್ತು ನನಗೆ ಜ್ವರ. ಯಾವ ಜ್ವರ ಅಂತ ನನ್ನ ಮಗನ್ನ ಕೇಳಿ."

ಎಲ್ಲರ ಕಣ್ಣೂ ಮಮ್ದೂಹ್‌ನ ಮೇಲೆ ಬಿತ್ತು. ರಿಹಾಮ್ ಶರಬತ್ತಿನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಅಜ್ಜಿ ಇಲ್ಲದೆ ನಾನು ಮನೆಯಿಂದ ಕೆಳಗಿಳಿಯಲ್ಲ, ಅಪ್ಪಾ. ಓದೋದಾದರೆ ಅದನ್ನ ತಿಳ್ಕೊಂಡು ಓದಿ."

"ಮೊದಲು ಅಟ್ಟದಿಂದ ಅದನ್ನ ಇಳಿಸು" ಎಂದಳು ಮುದುಕಿ ಮಗನಿಗೆ. "ಆಮೇಲೆ ಫಾತಿಹಾ."

ಮಮ್ದೂಹ್ ಎದ್ದ. ಶುಕ್ರವಾರದ ಸೂಟು ತೊಟ್ಟುಕೊಂಡೇ ಬೆಳಿಗ್ಗೆಯ ಅದೇ ಕುರ್ಚಿಯನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ ಅಟ್ಟಕ್ಕೆ ಕೈ ಹಾಕಿದ. ಧೂಳು ತಲೆಯ ಮೇಲೆ ಸುರಿಯಿತು.

"ಕೊಂಬೆ ಬಗ್ಗಿಸೀಯ, ಹುಷಾರು! ಹೆಗಲು ಕೊಡು, ಕೈಯಲ್ಲಿ ಎಳೀಬೇಡ. ಒಂದು ದೀಪ ಇಳಿಸೋಕೆ ಬರಲ್ಲ, ದೊಡ್ಡ ಮರ್ಯಾದಸ್ಥ!" ಎಂದು ಅವಳು ಕೂತಲ್ಲಿಂದಲೇ ಬೈಯುತ್ತಿದ್ದಳು. ಮಗ ಶಮದಾನ ತಂದು ಮೇಜಿನ ಮೇಲೆ, ಪತ್ರಿಕೆಯ ಪಕ್ಕ ಇಟ್ಟ. ಅವನ ಕಣ್ಣು ಕೆಂಪಾಗಿತ್ತು. ಧೂಳಿಗೋ ಏನೋ, ಇನ್ಶಿರಾಹ್ ವಿಚಾರಿಸಲು ಹೋಗಲಿಲ್ಲ. ಅವಳ ಸಿಟ್ಟು ಇನ್ನೂ ಒಂದು ಕೂದಲಷ್ಟೂ ಇಳಿದಿರಲಿಲ್ಲ.

ಸನಿಯ್ಯಾ ಎದ್ದು ಬಂದು ಅವಳೆದುರು ನಿಂತಳು.

"ಇಡಲಾ, ಹಾಜಾ?" ಎಂದಳು.

ಇನ್ಶಿರಾಹ್ ಕುರ್ಚಿಯ ಕೈ ಹಿಡಿದು ಎದ್ದಳು. ದೀಪ ಹೊತ್ತು ಹೊತ್ತು ಬಗ್ಗುವುದನ್ನೇ ಮರೆತ ಕುತ್ತಿಗೆ, ಈಗಲೂ ನೆಟ್ಟಗೆ. ಸನಿಯ್ಯಾ ಅಂಗೈಯನ್ನು ಮುದುಕಿಯ ಸಡಿಲವಾದ ಹೊಟ್ಟೆಯ ಮೇಲೆ ಇಟ್ಟು ಕಣ್ಣು ಮುಚ್ಚಿದಳು. ಹಾತಿಮ್ ಯಾರೂ ಹೇಳದೆ ಮೊಬೈಲ್ ತೆಗೆದು ಹಿಡಿದ.

"ಇರು" ಎಂದಳು ಇನ್ಶಿರಾಹ್ ಅವನಿಗೆ. ಸೋಫಾದ ಮೂಲೆಯಲ್ಲಿ ಪತ್ರಿಕೆ ಹಿಸುಕುತ್ತ ಕೂತಿದ್ದ ಫಿಕ್ರಿಯ ಕಡೆ ಕಣ್ಣು ಹಾಯಿಸಿದಳು.

"ನೀವೂ ಬನ್ನಿ ಉಸ್ತಾದ್, ಒಂದು ಕೈ ಕಮ್ಮಿ ಇದೆ. ಹೆದರಬೇಡಿ. ನಾನು ದರ್ಜಿ ಅಂತಾನಲ್ಲ ನನ್ನ ಮಗ, ಈ ಸಲ ಕತ್ತರಿ ನನ್ನ ಹತ್ತಿರ ಇರತ್ತೆ."