ಹನ್ನೊಂದನೆಯ ಕೋಣೆಯ ಕಲ್ಲುಮಂಚ

ಕಿಟ್ಟುವಿಗೆ ಜ್ವರ ತಲೆಗೇರಿ ಹದಿಮೂರು ದಿನವಾಗಿತ್ತು. ಮುಚ್ಚಿದ ಕಣ್ಣು ತೆರೆದಿರಲಿಲ್ಲ. ಡಾಕ್ಟರು ದಿನಕ್ಕೆರಡು ಸಲ ಬಂದು ರೆಪ್ಪೆ ಎತ್ತಿ, ಟಾರ್ಚು ಬಿಟ್ಟು ನೋಡಿ, ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಹತ್ತೊಂಬತ್ತು ವರ್ಷದವನು, ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತು ಹೋಗುವ ಚಡಪಡಿಕೆಯವನು, ಹೀಗೆ ಮರದ ಕೊರಡಿನ ಹಾಗೆ ಬಿದ್ದುಕೊಂಡರೆ ಅಕ್ಕನಾದವಳ ಕರುಳು ಕಿತ್ತು ಬರುವುದಿಲ್ಲವೇ? ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ವನಮಾಲಾಳಿಗೆ ಉಳಿದಿದ್ದು ಈ ತಮ್ಮ, ಮತ್ತೆ ಇಬ್ಬರನ್ನೂ ಸಾಕಿದ ಅಜ್ಜಿ ಸುಬ್ಬಲಕ್ಷ್ಮಿ. ಮೂವರಲ್ಲಿ ಒಬ್ಬರನ್ನು ಕಳೆದುಕೊಳ್ಳುವಷ್ಟು ದೊಡ್ಡ ಸಂಸಾರವಲ್ಲ ಅದು.

"ಮಾತಾಡಿಸ್ತಾ ಇರಿ, ಕೇಳಿಸಿದರೂ ಕೇಳಿಸೀತು," ಎಂದು ನರ್ಸು ಹೇಳಿದ್ದಳು. ಏನು ಮಾತಾಡುವುದು? ಬಿಲ್ಡಿಂಗಿನ ನೀರಿನ ಟ್ಯಾಂಕಿ ಒಡೆದ ಸಮಾಚಾರ ಒಂದು ದಿನಕ್ಕಾಯಿತು. ಕೆಳಗಿನ ಮನೆಯವರ ಜಗಳ ಇನ್ನೊಂದು ದಿನಕ್ಕಾಯಿತು. ಮೂರನೆಯ ದಿನ ಮಾತು ಖಾಲಿ. ಆಮೇಲೆ ಅವಳು ಕಿಟ್ಟುವಿನ ಆ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡು ಬಂದಳು.

ಆ ಪುಸ್ತಕದ ವಿಷಯ ಹೇಳಲೇಬೇಕು. ಕಿಟ್ಟು ಮತ್ತು ಅವನ ಕಾಲೇಜಿನ ಗೆಳೆಯರಿಗೆ ಆ ಎಂಬತ್ತೊಂಬತ್ತನೆಯ ಇಸವಿಯಲ್ಲಿ ಒಂದು ಆಟದ ಹುಚ್ಚು ಹಿಡಿದಿತ್ತು. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕತೆ ಹೇಳಬೇಕು: ನೀವೊಂದು ಗವಿಯಲ್ಲಿದ್ದೀರಿ, ಎದುರಿಗೆ ಬಾಗಿಲು, ಒಳಗೇನೋ ಉಸಿರಾಡುತ್ತಿದೆ. ಉಳಿದವರು ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಇಪ್ಪತ್ತು ಮುಖದ ದಾಳ ಇಡೀ ಮುಂಬಯಿಯಲ್ಲಿ ಸಿಗದೆ, ಇವರು ಕಾಫಿಪುಡಿ ಡಬ್ಬಿಯಲ್ಲಿ ಒಂದರಿಂದ ಇಪ್ಪತ್ತರವರೆಗೆ ಚೀಟಿ ಹಾಕಿಕೊಂಡಿದ್ದರು. ಗವಿ, ರಾಕ್ಷಸ ಎಲ್ಲ ಕಟ್ಟಿ ಹೇಳಲು ಬಿಡುವಿಲ್ಲದ ಸೋಮಾರಿಗಳಿಗೆಂದೇ ತಯಾರಾದ ಇಂಗ್ಲಿಷ್ ಪುಸ್ತಕ ಅದು, ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಸಿಕ್ಕಿದ್ದು. ಹನ್ನೆರಡು ಕೋಣೆಗಳು ಸಿದ್ಧವಾಗಿದ್ದವು. ಯಾವುದರಲ್ಲಿ ಏನು ಕಾದು ಕೂತಿದೆ, ಅದಕ್ಕೇನು ಬೇಕು, ತಪ್ಪಿಸಿಕೊಳ್ಳುವುದು ಹೇಗೆ, ಎಲ್ಲವೂ. ಅಂಗಡಿಯ ಹಪ್ಪಳದ ಹಾಗೆ, ಕರಿದು ಬಡಿಸಿದರಾಯಿತು. ಭಾನುವಾರಗಳಂದು ಇಂಥವನ್ನು ಬಡಿಸುವವಳು ವನಮಾಲಾ; ಹೊಸದಾಗಿ ಸಿಕ್ಕಿದ ಇದನ್ನು ಮಾತ್ರ ಇನ್ನೂ ತೆರೆದಿರಲಿಲ್ಲ.

ಸಂಜೆ ನಾಲ್ಕಕ್ಕೆ ತೆರೆದ ವಾರ್ಡಿನ ಬಾಗಿಲು ಆರಕ್ಕೆ ಮುಚ್ಚುತ್ತಿತ್ತು. ಅವಳು ಹಾಸಿಗೆಯ ಪಕ್ಕ ಕೂತು ಮೊದಲನೆಯ ಕೋಣೆಯನ್ನು ಕನ್ನಡದಲ್ಲಿ ಹೇಳತೊಡಗಿದ್ದೇ ತಡ, ಸ್ಟೂಲಿನ ಮೇಲೆ ಜಪ ಮಾಡುತ್ತಿದ್ದ ಅಜ್ಜಿ ಕಣ್ಣು ಬಿಟ್ಟಳು.

"ಪುರಾಣ ಓದ್ತೀಯೇನೇ? ಮೊದಲು ಕೈ ತೊಳ್ಕೊಂಡು ಬಾ. ಪುಸ್ತಕಾನ ಅವನ ಕಾಲ ಹತ್ರ ಇಡ್ಬೇಡ."

"ಅಯ್ಯೋ, ಪುರಾಣ ಅಲ್ಲ ಅಜ್ಜಿ, ಆಟ."

"ಗವಿ ಇದೆ, ರಾಕ್ಷಸ ಇದಾನೆ, ಒಳಗೆ ಹೋದೋನು ದಾರಿ ಹುಡುಕ್ತಿದಾನೆ ಅಂತೀಯ. ಇನ್ನೇನೇ ಅದು, ಅಡುಗೆ ಪುಸ್ತಕಾನಾ?"

ವನಮಾಲಾ ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ಎಪ್ಪತ್ತಾರರ ಮುದುಕಿಯ ಜೊತೆ ವಾದ ಮಾಡಿ ಗೆದ್ದವರು ಯಾರು?

ಕಿಟ್ಟುವಿನ ಪರವಾಗಿ ಅವಳೇ ಚೀಟಿ ಎತ್ತುತ್ತಿದ್ದಳು. ಮೂರನೆಯ ಕೋಣೆಯಲ್ಲಿ ಬಂಡೆ ಸರಿಸಬೇಕಿತ್ತು. ಡಬ್ಬಿಗೆ ಕೈ ಹಾಕಿದಳು. ಆಗ ಕಿಟ್ಟುವಿನ ತೋರುಬೆರಳು ಹಾಸಿಗೆಯನ್ನು ಮೆಲ್ಲಗೆ ತಟ್ಟತೊಡಗಿತು. ಹದಿನಾರು ಸಲ ತಟ್ಟಿ ನಿಂತಿತು. ಚೀಟಿ ಬಿಡಿಸಿದಳು, ಹದಿನಾರು. ಹುಚ್ಚು ಕಲ್ಪನೆ ಎಂದುಕೊಂಡಳು. ಮರುದಿನ ಬೆರಳು ಏಳು ಸಲ ತಟ್ಟಿತು, ಚೀಟಿ ಏಳು. ಅದರ ಮರುದಿನದಿಂದ ಚೀಟಿ ಬಿಡಿಸಿ ನೋಡುವ ಅಗತ್ಯವೇ ಬೀಳಲಿಲ್ಲ.

ಆರನೆಯ ಕೋಣೆಯಲ್ಲಿ ಮೊಣಕಾಲುದ್ದ ನೀರಿತ್ತು. ಅದನ್ನು ದಾಟಿಸಿದ ಸಂಜೆ, ನೆಲ ಒರೆಸಲು ಬಂದ ಆಯಾ ಸುಂದ್ರವ್ವ ಮಂಚದ ಕಾಲ ಬಳಿ ನಿಂತುಬಿಟ್ಟಳು. "ಅಕ್ಕಾರ, ತಮ್ಮಾರ ಕಾಲ ಯಾಕ ತೊಯ್ದಾವ್ರಿ? ಪಾದದಾಗ ರಾಡಿ ಐತಿ ನೋಡ್ರಿ."

ನಿಜವಾಗಿಯೂ ಅವನ ಎರಡು ಕಾಲೂ ಮೊಣಕಾಲಿನವರೆಗೆ ಒದ್ದೆಯಾಗಿದ್ದವು. ಹಿಮ್ಮಡಿಗೆ ಕಪ್ಪು ಕೆಸರು ಮೆತ್ತಿತ್ತು. ಸುಂದ್ರವ್ವ ಒರೆಸಿದಳು. ಮರುದಿನದಿಂದ ಆ ಹಾಸಿಗೆಯ ಕಡೆ ಅವಳು ಬರುತ್ತಿದ್ದದ್ದು ಬೇರೆ ಆಯಾಳ ಜೊತೆಗೇ.

ವನಮಾಲಾಳಿಗೆ ಭಯ. ಅದರ ಜೊತೆಗೆ, ಹೇಳಿದರೆ ನಂಬುವುದಿಲ್ಲ, ಸಂತೋಷ! ತಮ್ಮ ಒಳಗಿದ್ದಾನೆ, ನಡೆಯುತ್ತಿದ್ದಾನೆ. ಹನ್ನೆರಡು ಕೋಣೆ ದಾಟಿಸಿಬಿಟ್ಟರೆ ಅವನು ಹೊರಗೆ ಬರುತ್ತಾನೆ. ಯಾರಿಗೂ ಹೇಳಲಿಲ್ಲ. ಕತೆ ಹೇಳುವವರು ಮುಂದಿನದನ್ನೆಲ್ಲ ಮೊದಲೇ ಓದಿಕೊಂಡಿರಬೇಕು, ಅದು ಆಟದ ನಿಯಮ. ಮುಂದೆ ಓದಲು ಮಾತ್ರ ಅವಳಿಗೆ ಧೈರ್ಯ ಬರಲಿಲ್ಲ. ದಿನಕ್ಕೊಂದೇ ಹಾಳೆ ತಿರುವುತ್ತಿದ್ದಳು.

ಹನ್ನೊಂದನೆಯ ಕೋಣೆಯ ದಿನ ಆರು ಗಂಟೆಗೆ ಇನ್ನು ಐದೇ ನಿಮಿಷವಿತ್ತು. ಅವಳು ಓದಿ ಹೇಳಿದಳು: "ಇಲ್ಲೊಂದು ಕಲ್ಲುಮಂಚವಿದೆ. ಒಳಗೆ ಬಂದವನು ಅದರ ಮೇಲೆ ಮಲಗುತ್ತಾನೆ, ಏಳಲಾರ. ಈ ಕೋಣೆಯಲ್ಲಿ ದಾಳ ನಡೆಯುವುದಿಲ್ಲ. ಇನ್ನೊಬ್ಬರು ಮನಸಾರೆ ಅವನ ಜಾಗಕ್ಕೆ ಬಂದರೆ ಅವನು ಎದ್ದು ಹೋಗಬಹುದು. ಮಂಚ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ."

ಕಿಟ್ಟುವಿನ ಬೆರಳು ನಿಂತುಹೋಗಿತ್ತು. ಉಸಿರು ಒಂದಕ್ಕೊಂದು ದೂರವಾಗುತ್ತಿತ್ತು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಅವಳು ಹೆದರಿ ಪುಸ್ತಕ ಮುಚ್ಚಹೊರಟಳು. "ಇವತ್ತಿಗೆ ಸಾಕು ಅಜ್ಜಿ, ನಾಳೆ..."

"ನಾಳೆ ಏನೇ ನಾಳೆ!" ಅಜ್ಜಿಗೆ ಸಿಟ್ಟೇ ಬಂತು. "ಒಬ್ಬ ಹಾಗೆ ಬಿದ್ದಿರೋವಾಗ ಪುರಾಣ ನಿಲ್ಲಿಸ್ತಾರಾ? ನಿಮ್ಮ ತಾತ ಓದ್ತಿದ್ದಾಗ ನೋಡಿದೀನಿ. ಸಾವು, ಸಂಕಟ ಬಂದ ಕಡೆ ಪುಸ್ತಕ ಮುಚ್ತಿರಲಿಲ್ಲ. ಅಡುಗೆ ಆರಿದ್ರೂ ಸರಿ, ಒಳ್ಳೇದಾದ ಮೇಲೇ ಮಂಗಳ. ಮುಂದಕ್ಕೆ ಓದು."

"ಓದೋಕೆ ಆಗಲ್ಲ ಅಜ್ಜಿ. ಯಾರಾದರೂ ಅವನ ಜಾಗಕ್ಕೆ ಬಂದರೇನೇ ಮುಂದೆ ಹೋಗೋದು."

"ಅಷ್ಟೇ ತಾನೆ?"

ಅಜ್ಜಿ ಚೀಲದಿಂದ ತೀರ್ಥದ ಪುಟ್ಟ ಬಾಟಲಿ ತೆಗೆದಳು. ಅಂಗೈಗೆ ಹಾಕಿಕೊಂಡಳು. ಗೋತ್ರ, ನಕ್ಷತ್ರ, ತನ್ನ ಹೆಸರು ಹೇಳಿಕೊಂಡಳು. "ಮಗು ಏಳಲಿ. ಆ ಕಲ್ಲಿನ ಮೇಲೆ ನಾನು ಮಲಗ್ತೀನಿ," ಎಂದು ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವಷ್ಟು ಸಲೀಸಾಗಿ ಹೇಳಿ, ನೀರನ್ನು ಬೆರಳ ತುದಿಯಿಂದ ನೆಲಕ್ಕೆ ಬಿಟ್ಟಳು. "ಹೂಂ, ಈಗ ಮುಚ್ಚು."

ವನಮಾಲಾ ತಡೆಯಬೇಕಿತ್ತು. ಕೈ ಹಿಡಿದುಕೊಂಡಿದ್ದರೂ ಸಾಕಿತ್ತು. ಮುದುಕಿ ಆಟವನ್ನು ಪುರಾಣ ಮಾಡಿಕೊಂಡಳಲ್ಲ ಎಂದು ಅವಳಿಗೆ ಆ ಹೊತ್ತಿನಲ್ಲೂ ಸ್ವಲ್ಪ ನಗು ಬಂದಿತ್ತು. ಆ ನಗುವನ್ನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

"ಅಕ್ಕಾ," ಎಂದಿತು ಒಣಗಿದ ದನಿ. "ಪಾನಿ... ನೀರು ಕೊಡು."

ಕಿಟ್ಟು ಕಣ್ಣು ಬಿಟ್ಟಿದ್ದ. ಅವಳು ಕಿರುಚಿದಳು, ಅತ್ತಳು, ನರ್ಸುಗಳು ಓಡಿ ಬಂದರು, ಡಾಕ್ಟರು ಬಂದರು. ಆ ಗಡಿಬಿಡಿಯಲ್ಲಿ ಅಜ್ಜಿಯನ್ನು ಯಾರೂ ನೋಡಲಿಲ್ಲ. "ನೋಡಜ್ಜಿ, ನಿನ್ನ ಮೊಮ್ಮಗ!" ಎಂದು ತಿರುಗಿದರೆ ಅಜ್ಜಿ ಕೈ ಚಾಚಿದಂತೆಯೇ ಕೂತಿದ್ದಳು. ಕಣ್ಣು ತೆರೆದೇ ಇತ್ತು, ನೋಟವಿರಲಿಲ್ಲ. ಮುಟ್ಟಿದರೆ ಅಂಗೈ ಕೊರೆಯುವಷ್ಟು ತಣ್ಣಗಿತ್ತು.

ವಯಸ್ಸು, ಆಘಾತ ಎಂದೆಲ್ಲ ಡಾಕ್ಟರು ಹೇಳಿದರು. ತಿನ್ನಿಸಿದರೆ ತಿನ್ನುತ್ತಾಳೆ, ಕೂರಿಸಿದರೆ ಕೂರುತ್ತಾಳೆ, ಮಾತಿಲ್ಲ. ಕಿಟ್ಟು ಮೂರು ವಾರದಲ್ಲಿ ಚೇತರಿಸಿಕೊಂಡು ಕಾಲೇಜಿಗೆ ಹೊರಟ. ಒಳಗಿದ್ದ ದಿನಗಳ ನೆನಪು ಅವನಿಗೆ ಒಂದಿಷ್ಟೂ ಇರಲಿಲ್ಲ.

ತಮ್ಮನನ್ನು ತಂದವಳಿಗೆ ಅಜ್ಜಿಯನ್ನು ತರಲಾಗದೇ? ಒಂದು ಶನಿವಾರ ಮಧ್ಯಾಹ್ನ, ಸಯನ್ನಿನ ತಮ್ಮ ಮನೆಯ ಕಿಟಕಿಯ ಪಕ್ಕ ಅಜ್ಜಿಯನ್ನು ಕೂರಿಸಿಕೊಂಡು ವನಮಾಲಾ ಹನ್ನೆರಡನೆಯ ಕೋಣೆ ತೆರೆದಳು. "ಮೆಟ್ಟಿಲುಗಳಿವೆ. ಮೇಲೊಂದು ಬಾಗಿಲು. ಬೀಗವಿಲ್ಲ. ಹೊರಗೆ ಬಿಸಿಲು..."

ಅಜ್ಜಿಯ ತುಟಿ ಅಲುಗಿತು. ಕುರ್ಚಿಯ ಕೈ ಹಿಡಿದು ಅವಳು ಏಳತೊಡಗಿದಳು.

ಹಜಾರದಲ್ಲಿ ದೊಪ್ಪೆಂದು ಸದ್ದಾಯಿತು. ನಿಂತೇ ಕಾಫಿ ಕುಡಿಯುತ್ತಿದ್ದ ಕಿಟ್ಟು ನೆಲಕ್ಕೆ ಬಿದ್ದಿದ್ದ. ರೆಪ್ಪೆಗಳು ಮುಚ್ಚಿಕೊಳ್ಳುತ್ತಿದ್ದವು.

"ಮುಚ್ಚೇ ಅದನ್ನ!" ಮೂರು ವಾರದ ಮೇಲೆ ಅಜ್ಜಿಯ ಗಂಟಲಿನಿಂದ ಬಂದ ಮೊದಲ ಮಾತು. "ನಾನು ಎದ್ದರೆ ಅವನು ಬಂದು ಮಲಗ್ತಾನೆ. ಮುಚ್ಚು ಅಂದೆ!"

ಅವಳು ಮುಚ್ಚಿದಳು. ಅಜ್ಜಿ ಕುಸಿದು ಕೂತಳು. ಹಜಾರದಲ್ಲಿ ಕಿಟ್ಟು ತಲೆ ಕೊಡವಿಕೊಂಡು ಎದ್ದು, "ಕುಛ್ ನಹೀ ಅಕ್ಕಾ, ಚಕ್ಕರ್ ಬಂತು ಅಷ್ಟೇ," ಎಂದು ಚೆಲ್ಲಿದ ಕಾಫಿ ಒರೆಸಲು ಬಟ್ಟೆ ಹುಡುಕಿಕೊಂಡು ಹೋದ.

ವನಮಾಲಾ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಅಲ್ಲಿ ಹೇಗಿದೆ ಅಜ್ಜಿ?"

"ಚಳಿ ಕಣೇ," ಎಂದಳು ಅಜ್ಜಿ, ಎಲ್ಲೋ ದೂರದಿಂದ. "ಒಬ್ಬಳೇ."

ವನಮಾಲಾ ಹನ್ನೆರಡನೆಯ ಕೋಣೆಯ ಹಾಳೆ ಕಿತ್ತು ಗ್ಯಾಸಿನ ಉರಿಗೆ ಹಿಡಿದಳು. ಆಮೇಲೆ ಆಫೀಸಿನ ಪ್ಯಾಡು ತೆಗೆದುಕೊಂಡು, ಮೊದಲ ಸಲ ಸ್ವಂತವಾಗಿ ಒಂದು ಕೋಣೆ ಬರೆಯಲು ಕೂತಳು. ಹೊದೆಯಲು ಉಣ್ಣೆಯ ಶಾಲು ಬರೆದಳು. ಕೆಂಡ ತುಂಬಿದ ಇದ್ದಲ ಒಲೆ, ಅದರ ಮೇಲೆ ಕುದಿಯುವ ಸಾರು, ಹರಟೆಗೆ ಕೂತ ನಾಲ್ಕು ಹೆಂಗಸರು, ಹಾಡುವ ರೇಡಿಯೋ ಬರೆದಳು. ಬರೆದದ್ದನ್ನು ಜೋರಾಗಿ ಓದಿದಳು. ಹಿಡಿದುಕೊಂಡಿದ್ದ ಅಜ್ಜಿಯ ಅಂಗೈ ಸ್ವಲ್ಪಸ್ವಲ್ಪವಾಗಿ ಬೆಚ್ಚಗಾಯಿತು.

"ಬಾಗಿಲು ಇಟ್ಟಿಲ್ಲ ತಾನೆ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ," ಎಂದಳು ವನಮಾಲಾ. "ನಾಲ್ಕು ಕಡೆಯೂ ಗೋಡೆ."